ಸ್ಯಾನ್ ಮಟಿಯೋದಲ್ಲಿ ಮೇಣಕ್ಕೆ ಚಳಿ

ಅಮೆರಿಕಕ್ಕೆ ಹೋಗಿ ಬಂದೆ ಎಂದರೆ ನಮ್ಮ ಬೀದಿಯವರು ಮೊದಲು ಕೇಳುವುದು, ಆ ಕೆಂಪು ಸೇತುವೆ ನೋಡಿದಿರಾ ಎಂದು. ನೋಡಿದೆವು. ಅರ್ಧ ಸೇತುವೆ, ಉಳಿದರ್ಧ ಮಂಜಿನೊಳಗಿತ್ತು. ಆದರೆ ಅಲ್ಲಿದ್ದ ಎರಡು ತಿಂಗಳಲ್ಲಿ ನಾನು ಮೂಲೆಮೂಲೆಯನ್ನೂ ಕಣ್ಣಿಟ್ಟು ನೋಡಿದ್ದು ಒಂದು ಗರಾಜನ್ನು. ಕಾರು ನಿಲ್ಲಿಸುವ ಕೋಣೆಯ ವಿಷಯ ಯಾರೂ ಕೇಳುವುದಿಲ್ಲವಾದ್ದರಿಂದ ನಾನೇ ಬರೆದುಬಿಡುತ್ತೇನೆ.

ನಮ್ಮ ಯಜಮಾನರು ಮೈಸೂರಿನಲ್ಲಿ ವೀಣೆ ಮಾಡುವವರು. ಸ್ಯಾನ್ ಮಟಿಯೋದ ಸುಮತಿ ಎಂಬ ಡಾಕ್ಟರಮ್ಮ ಚಿಕ್ಕಂದಿನಲ್ಲಿ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಬೆಳೆದ ಹುಡುಗಿ. ಆಕೆಯೂ ಸುತ್ತಮುತ್ತಲಿನ ಏಳು ಮನೆಯವರೂ ಸೇರಿ, ತಮ್ಮ ಎಂಟು ವೀಣೆಗಳಿಗೆ ಹೊಸದಾಗಿ ಮೇಳ ಕಟ್ಟಿಕೊಡಬೇಕೆಂದು ಇವರನ್ನು ಕರೆಸಿಕೊಂಡರು. ಜೊತೆಗೆ ನಾನೇಕೆ ಎಂದರೆ, ನನ್ನ ಕಾಫಿ ಇಲ್ಲದೆ ಇವರಿಗೆ ಕೈ ಓಡುವುದಿಲ್ಲ.

ಮೇಳ ಕಟ್ಟುವುದೆಂದರೆ, ವೀಣೆಯ ಉದ್ದನೆಯ ದಂಡಿಯ ಮೇಲೆ ಎರಡು ಸಾಲು ಕರಿಮೇಣ ಕೂರಿಸಿ, ಅದರ ಮೇಲೆ ಇಪ್ಪತ್ತನಾಲ್ಕು ಕಂಚಿನ ಮೆಟ್ಟಿಲುಗಳನ್ನು ಒಂದೊಂದಾಗಿ, ತಂತಿ ಮಿಡಿದು ಸ್ವರ ಕೇಳುತ್ತಾ ಒತ್ತಿ ನಿಲ್ಲಿಸುವುದು. ಜೇನುಮೇಣಕ್ಕೆ ದೀಪದ ಮಸಿ ಬೆರೆಸಿ ನಾದಿದ ಮೇಣ ಅದು. ಬಿಸಿಲಿಗೆ ಇಳಿಯುತ್ತದೆ, ಚಳಿಗೆ ಬಿರಿಯುತ್ತದೆ. ನಮ್ಮಂಥ ವಯಸ್ಸಾದವರ ಮೈಯ ಹಾಗೆ. ಮೈಸೂರಿನಲ್ಲಿ ಜಗಲಿಯ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ತಾನೇ ಹದಕ್ಕೆ ಬರುತ್ತದೆ. ಇವರು ಕೆಲಸಕ್ಕೆ ಕೂತಾಗ ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಲ್ಲಬೇಕು. ತಂತಿ ಮಿಡಿಯುವಾಗ ಒಳಗೆ ಕಾಲಿಟ್ಟರೆ ಬೈಗುಳ. ಸ್ವರ ನಿಂತಿತು ಎನ್ನಿಸಿದ ಮೇಲೆ ಲೋಟ ಕೊಟ್ಟು ಬರುತ್ತೇನೆ. ಮೂವತ್ತೈದು ವರ್ಷದ ನನ್ನ ಸಂಗೀತ ಜ್ಞಾನ ಇಷ್ಟೇ.

ಬಂದಿಳಿದದ್ದು

ಧನುರ್ಮಾಸದ ನಡುವೆ ಹೊರಟದ್ದರಿಂದ ಮುಂಜಾನೆಯ ಪೂಜೆ ಆಕಾಶದಲ್ಲೇ ಆಯಿತು. ಕಿಟಕಿಯ ಹೊರಗೆ ಸೂರ್ಯ ಎರಡು ಸಲ ಹುಟ್ಟಿದ ಹಾಗಿತ್ತು, ನಾನು ಎರಡು ಸಲವೂ ಕೈಮುಗಿದೆ. ಹೆಚ್ಚಾದರೆ ನಷ್ಟವೇನು?

ವಿಮಾನ ನಿಲ್ದಾಣದಲ್ಲಿ ನಮ್ಮ ಪೆಟ್ಟಿಗೆ ಬಿಚ್ಚಿಸಿದರು. ಚಕ್ಕುಲಿಯ ಡಬ್ಬ, ಅವಲಕ್ಕಿ, ನನ್ನ ಚಾಮುಂಡಿಯ ಪಟ, ಎಲ್ಲವನ್ನೂ ಬಿಟ್ಟು ಅಧಿಕಾರಿಯ ಕಣ್ಣು ಮೇಣದ ಮುದ್ದೆಯ ಮೇಲೆ ನಿಂತಿತು. ಕಪ್ಪಗೆ, ದುಂಡಗೆ, ಸಾಕ್ಷಾತ್ ರಾಗಿಮುದ್ದೆ. ಆತ ಮೂಸಿದ. ಇನ್ನೊಬ್ಬನನ್ನು ಕರೆದು ಮೂಸಿಸಿದ. ಕೊನೆಗೆ ಹೆಬ್ಬೆರಳಿನಿಂದ ಒಮ್ಮೆ ಬಲವಾಗಿ ಒತ್ತಿ ನೋಡಿ, ತಲೆಯಾಡಿಸಿ ಬಿಟ್ಟುಕೊಟ್ಟ. ಬೆರಳಿನ ಗೆರೆಗಳೆಲ್ಲ ಮೇಣದ ಮೇಲೆ ಅಚ್ಚೊತ್ತಿದ ಹಾಗೆ ಉಳಿದಿದ್ದವು.

"ನೋಡು, ಸರ್ಕಾರದ ಮೊಹರು ಬಿತ್ತು. ಇನ್ನು ಯಾರೂ ತಡೆಯೋ ಹಾಗಿಲ್ಲ," ಎಂದರು ಇವರು.

ಸಂಜೆ ದೀಪ ಹಚ್ಚಿದ ಮೇಲೆ ಆವತ್ತು ದೇವರು ತೋರಿದ ದಯೆಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸುವುದು ನನ್ನ ಅಭ್ಯಾಸ. ಮೇಣ ಉಳಿದದ್ದು ಆವತ್ತಿನ ಮೊದಲ ದಯೆ. ಚಕ್ಕುಲಿ ಮುರಿಯದಿದ್ದದ್ದು ಎರಡನೆಯದು.

ಬಿಳಿ ಕಾರ್ಪೆಟ್ಟು

ಸುಮತಿಯ ಮನೆ ಬೆಚ್ಚಗಿತ್ತು. ಗೋಡೆಯ ಮೇಲಿನ ಪುಟ್ಟ ಗುಂಡಿ ಒತ್ತಿದರೆ ನೆಲದ ಜಾಲರಿಯಿಂದ ಬಿಸಿಗಾಳಿ ಬರುತ್ತದೆ. ನಾನು ಆ ಜಾಲರಿಯ ಮೇಲೆ ಸೀರೆ ಹರಡಿಕೊಂಡು ನಿಂತು, ಪೂರಿಯ ಹಾಗೆ ಉಬ್ಬಿ, ಜಪ ಮುಗಿಸುತ್ತಿದ್ದೆ. ಇವರೂ ಅಲ್ಲೇ ಹತ್ತಿರ ಚಾಪೆ ಹಾಕಿ ಕೆಲಸಕ್ಕೆ ಕೂತರು. ಎಲ್ಲ ಸರಿಯಾಗಿಯೇ ಇತ್ತು, ಇವರು ಎದ್ದು ಸ್ನಾನದ ಮನೆಗೆ ಹೋಗುವವರೆಗೆ. ಹಿಮ್ಮಡಿಗೆ ಮೇಣದ ಚೂರು ಅಂಟಿತ್ತು. ಹಾಲಿನ ಬಿಳುಪಿನ ಕಾರ್ಪೆಟ್ಟಿನ ಮೇಲೆ ಕಪ್ಪು ಹೆಜ್ಜೆಗಳು, ಗೋಕುಲಾಷ್ಟಮಿಯ ದಿನ ಕೃಷ್ಣನಿಗೆ ಬರೆಯುವ ಹಾಗೆ, ಆದರೆ ಹೊರಗಡೆಗೆ ಹೋಗುತ್ತಿದ್ದವು.

ಸುಮತಿ ನೋಡಿದಳು. ಒಳ್ಳೆಯ ಮನೆತನದ ಹುಡುಗಿ, ನಕ್ಕಳು. ನಗು ಮುಗಿದ ಮೇಲೆ ಹೇಳಿದಳು: "ಆಚಾರ್ರೇ, ಗರಾಜಲ್ಲಿ ಜಾಗ ಮಾಡ್ಕೊಡ್ತೀನಿ. ಅಲ್ಲಿ ನೀವು ಏನ್ ಬೇಕಾದ್ರೂ ಚೆಲ್ಲಿ."

ಗರಾಜು

ಅಲ್ಲಿನ ಗರಾಜಿನಲ್ಲಿ ಕಾರೊಂದನ್ನು ಬಿಟ್ಟು ಎಲ್ಲ ಇರುತ್ತದೆ. ಬಟ್ಟೆ ಒಗೆಯುವ ಯಂತ್ರ, ಒಣಗಿಸುವ ಯಂತ್ರ, ಬಿಸಿನೀರಿನ ದೊಡ್ಡ ಹಂಡೆ, ಹಳೆಯ ತೊಟ್ಟಿಲು, ಹೊಸ ಸೈಕಲ್ಲು. ಕಾರು ಪಾಪ ಮಳೆಯಲ್ಲಿ ನೆನೆಯುತ್ತಾ ಬೀದಿಯಲ್ಲಿರುತ್ತದೆ. ಮನೆಯ ಬಿಸಿಗಾಳಿಗೆ ಮಾತ್ರ ಗರಾಜಿನೊಳಗೆ ಪ್ರವೇಶವಿಲ್ಲ. ಕೆಳಗೆ ಸಿಮೆಂಟು ನೆಲ, ಮುಂದೆ ತಗಡಿನ ದೊಡ್ಡ ಬಾಗಿಲು, ಅದರಡಿಯಲ್ಲಿ ಎರಡು ಬೆರಳು ತೂರುವಷ್ಟು ಸಂದು. ನಮ್ಮ ಮಾಗಿ ಚಳಿ ಬೆಳಗಿನ ಹೊತ್ತು ಬಂದು, ಬಿಸಿಲು ಕಂಡರೆ ಮರ್ಯಾದೆಯಿಂದ ಎದ್ದು ಹೋಗುತ್ತದೆ. ಅಲ್ಲಿನದು ಹಾಗಲ್ಲ. ಬೆಟ್ಟದ ಮಂಜು, ಮಳೆಯ ಒದ್ದೆ ಎರಡೂ ಸೇರಿ ದಿನವಿಡೀ ಮೊಣಕಾಲಿನಲ್ಲಿ ಕೂತಿರುತ್ತದೆ.

ಸುಮತಿಯ ಗಂಡ ರಘು ಇಂಜಿನಿಯರು. ಆತ ಗರಾಜಿನ ನಾಲ್ಕು ಮೂಲೆಗೂ ನಾಲ್ಕು ಥರ್ಮಾಮೀಟರು ತೂಗುಹಾಕಿದ. ನಾಲ್ಕೂ ನಾಲ್ಕು ಲೆಕ್ಕ ಹೇಳಿದವು. ಇವರ ಥರ್ಮಾಮೀಟರು ಒಂದೇ: ಮೇಣದ ಉಂಡೆಯನ್ನು ಮಣಿಕಟ್ಟಿನ ಒಳಭಾಗಕ್ಕೆ ಒತ್ತಿ ನೋಡುವುದು. ಒತ್ತಿ ನೋಡಿ, "ಕಲ್ಲು," ಎಂದರು.

ಆದರೂ ಮೊದಲಿಗೆ ಸುಮತಿಯ ವೀಣೆಯನ್ನೇ ಎತ್ತಿಕೊಂಡರು. ಅದು ಅವಳ ತಾಯಿ ಕೊಟ್ಟದ್ದು, ಮೆಟ್ಟಿಲುಗಳು ಉದುರಿ ಎರಡು ವರ್ಷದಿಂದ ಮಾತಿಲ್ಲದೆ ಮಲಗಿತ್ತು. ಸಂಕ್ರಾಂತಿ ಕಳೆದ ಶುಕ್ರವಾರ ಅರಿಶಿನ ಕುಂಕುಮಕ್ಕೆ ಹೆಂಗಸರು ಬರುವವರಿದ್ದರು. ಉಳಿದ ಏಳು ವೀಣೆಗಳ ಮನೆಯವರೂ ಅವರಲ್ಲಿದ್ದರು. ಆವತ್ತು ಸುಮತಿಯ ಹತ್ತು ವರ್ಷದ ಮಗಳು ಅನಘಾ ಅಜ್ಜಿಯ ವೀಣೆಯಲ್ಲಿ ಮೊದಲ ಸಲ ನಾಲ್ಕು ಜನರೆದುರು ನುಡಿಸಬೇಕು.

ಇವರು ಒಲೆಯ ಮೇಲೆ ಮೇಣ ಕರಗಿಸಿ ತಂದು ಕೂರಿಸುವಷ್ಟರಲ್ಲಿ ಅದು ಗಟ್ಟಿಯಾಗುತ್ತಿತ್ತು. ಬಲವಂತವಾಗಿ ಒತ್ತಿ ಇಪ್ಪತ್ತನಾಲ್ಕನ್ನೂ ನಿಲ್ಲಿಸಿದರು. ಮಾರನೆಯ ಬೆಳಿಗ್ಗೆ ನಾನು ಕಾಫಿ ಹಿಡಿದು ಹೋದಾಗ ಮೇಣದ ಸಾಲು ಉದ್ದಕ್ಕೂ ಬಿರಿದಿತ್ತು. ಐದು ಮೆಟ್ಟಿಲು ನೆಲದ ಮೇಲಿದ್ದವು. ಇವರು ಅವನ್ನು ಒಂದೊಂದಾಗಿ ಆಯ್ದು ಪಂಚೆಯ ಅಂಚಿನಲ್ಲಿ ಒರೆಸುತ್ತಿದ್ದರು. ಮೂವತ್ತೈದು ವರ್ಷದಲ್ಲಿ ಇವರು ಕಟ್ಟಿದ ಮೇಳ ಬಿದ್ದದ್ದನ್ನು ನಾನು ನೋಡಿರಲಿಲ್ಲ, ಇವರೂ ನೋಡಿರಲಿಲ್ಲ. ಕಾಫಿ ಬೇಡ ಎಂದರು. ಅದನ್ನೂ ನಾನು ಕೇಳಿರಲಿಲ್ಲ.

ಡ್ರೈಯರಿನ ಪ್ರಕರಣ

ಇನ್ನು ಮುಂದಿನದು ನನ್ನ ತಪ್ಪು. ಬರೆದು ಹಗುರಾಗುತ್ತೇನೆ.

ಬಟ್ಟೆ ಒಣಗಿಸುವ ಯಂತ್ರದ ಹಿಂದೆ ಆನೆಯ ಸೊಂಡಿಲಿನಂಥ ಒಂದು ಕೊಳವೆ ಇದೆ. ಬಿಸಿಗಾಳಿಯೆಲ್ಲ ಅದರ ಮೂಲಕ ಗೋಡೆಯ ಆಚೆಗೆ, ಯಾರಿಗೂ ಬೇಡದ ಗುಲಾಬಿ ಗಿಡದ ಮೇಲೆ ಹೋಗುತ್ತದೆ. ಒಲೆಯ ಬೂದಿಯ ಬಿಸಿಯಲ್ಲೂ ಗೆಣಸು ಸುಡುವವಳು ನಾನು. ಕಣ್ಣೆದುರು ಅಷ್ಟು ಶಾಖ ಪೋಲಾಗುವುದನ್ನು ಎಷ್ಟು ದಿನ ನೋಡಲಿ? ಸೊಂಡಿಲನ್ನು ಗೋಡೆಯಿಂದ ಕಿತ್ತು ಗರಾಜಿನೊಳಕ್ಕೆ ತಿರುಗಿಸಿದೆ. ಎರಡು ದಿನ ಮನೆಯಲ್ಲಿದ್ದ ಬಟ್ಟೆಯೆಲ್ಲ ಒಗೆದೆ, ಒಣಗಿಸಿದೆ. ಮುಗಿದ ಮೇಲೆ ಒಗೆದಿದ್ದನ್ನೇ ಒಗೆದೆ. ಗರಾಜು ಹೂಬಿಸಿಲಿನಂತೆ ಬೆಚ್ಚಗಾಯಿತು. ಇವರು ಸ್ವೆಟರು ತೆಗೆದು, ಹೊಸದಾಗಿ ಮೇಣ ಕೂರಿಸಿ, ಊಟಕ್ಕೆ ಎದ್ದರು.

ತಿರುಗಿ ಬಂದು ನೋಡಿದರೆ ಮೇಣಕ್ಕೆ ಗಡ್ಡ ಬೆಳೆದಿತ್ತು! ಟವಲಿನಿಂದ ಎದ್ದ ಗುಲಾಬಿ ಬಣ್ಣದ ನವಿರು ನೂಲೆಲ್ಲ ಹಾರಿ ಮೆತ್ತನೆಯ ಮೇಣಕ್ಕೆ ಅಂಟಿತ್ತು. ತಗಡಿನ ಬಾಗಿಲಿನ ಮೇಲೆ ನೀರು ಹನಿಯೊಡೆದಿತ್ತು. ಉಕ್ಕಿನ ತಂತಿಗಳು ಬೆವರಿದ್ದವು.

"ವೀಣೆಗೆ ಶೀತ ಮಾಡ್ಬಿಟ್ಟೆಯಲ್ಲೇ!" ಎಂದು ಇವರು ತಲೆಯ ಮೇಲೆ ಕೈಹೊತ್ತರು.

ಸುಮತಿ ಓಡಿ ಬಂದಳು. ಗೋಡೆಯ ಹತ್ತಿರ ಹೋಗಿ ಸೊಂಡಿಲು ನೋಡಿದವಳೇ ಬಿಳಿಚಿಕೊಂಡಳು. "ಜಯಮ್ಮನವ್ರೇ, ನಮ್ಮ ಡ್ರೈಯರು ಕರೆಂಟಿಂದು, ಬದುಕಿದ್ವಿ. ಗ್ಯಾಸಿಂದಾಗಿದ್ರೆ ಆ ವಿಷಗಾಳಿಗೆ ಆಚಾರ್ರು ಕೂತಲ್ಲೇ ನಿದ್ದೆ ಹೋಗ್ಬಿಡ್ತಿದ್ರು, ಏಳ್ತಾನೇ ಇರ್ಲಿಲ್ಲ."

ಸೊಂಡಿಲನ್ನು ನಾನೇ ತಿರುಗಿ ಗೋಡೆಗೆ ಸಿಕ್ಕಿಸಿದೆ. ಆ ಸಂಜೆ ಒಂದೇ ದಯೆ ಎಣಿಸಿದೆ, ಅದೇ ಸಾಕಾಯಿತು.

ಮೇಣವನ್ನೆಲ್ಲ ಕೆರೆದು, ಕರಗಿಸಿ, ನನ್ನ ಹಳೆಯ ಮಲ್ಲಿನ ಬಟ್ಟೆಯಲ್ಲಿ ಸೋಸಿದರು. ನೂಲು ಹೋಯಿತು, ಜೊತೆಗೆ ಒಂದಷ್ಟು ಮೇಣವೂ ಹೋಯಿತು. ಉಳಿದದ್ದು ಈ ಒಂದು ವೀಣೆಗೆ ಹೇಗೋ ಆದೀತು. ಮಿಕ್ಕ ಏಳಕ್ಕೆ ಮೈಸೂರಿನಿಂದ ತರಿಸಬೇಕು.

"ಇದೊಂದು ಶುಕ್ರವಾರದೊಳಗೆ ನಿಂತ್ರೆ ಮೇಣ ತರಿಸೋಣ," ಎಂದು ಇವರು ಎಲ್ಲರೆದುರು ಹೇಳಿದರು. "ನಿಲ್ಲಲಿಲ್ಲ ಅಂದ್ರೆ ಈ ಊರಲ್ಲಿ ನನ್ನ ಕೆಲಸ ಆಗಲ್ಲ ಅಂತ. ಊರಿಗೆ ವಾಪಸ್ ಟಿಕೆಟ್ಟು ಬೇಗ ಮಾಡಿಸ್ಬಿಡಿ."

ಪಕ್ಕದ ಮನೆಯ ವಾಲ್ಟರ್

ವಾಲ್ಟರ್ ಎಂಬಾತ ಪಕ್ಕದ ಮನೆಯವರು, ಒಂಟಿ ಮುದುಕರು. ತಮ್ಮ ಗರಾಜಿನಲ್ಲಿ ಮರದ ದೋಣಿ ಕಟ್ಟುತ್ತಿದ್ದರು. ಅದು ಗರಾಜಿಗಿಂತ ಉದ್ದವಾಗಿ ಬೆಳೆದಿದ್ದರಿಂದ ಹೊರಗೆ ತರುವ ಯೋಚನೆಯನ್ನೇ ಬಿಟ್ಟು ಸುಖವಾಗಿದ್ದರು. ಬೆಳಗಿನ ಪೂಜೆ ಮುಗಿಸಿ ನಾನು ಗರಾಜಿಗೂ ಊದುಬತ್ತಿ ತೋರಿಸುವಾಗ, ಬಾಗಿಲು ಎತ್ತಿಟ್ಟಿದ್ದರಿಂದ, ಅವರು ಅಂಗಳದಿಂದ ನೋಡುತ್ತಿದ್ದರು. ಡ್ರೈಯರಿನ ಪ್ರಕರಣದ ಮರುದಿನ ಒಳಗೇ ಬಂದು, ಬಾಗಿಲು ಹಾಕಿಸಿ ನಿಂತರು. ನನ್ನ ಊದುಬತ್ತಿಯ ಹೊಗೆಗೆ ಬೆರಳು ತೋರಿಸಿ ಏನೋ ಹೇಳಿದರು. ಅನಘಾ ನಮಗೆ ದುಭಾಷಿ.

"ಅಜ್ಜೀ, ಸ್ಮೋಕ್ ನೋಡಿ ಅಂತಾರೆ. ಅದು ಎಲ್ಲಿ ಹೋಗತ್ತೆ ನೋಡಿ."

ನೋಡಿದೆ. ಹೊಗೆ ದೇವರ ಕಡೆಗೆ ಹೋಗುವುದನ್ನು ಬಿಟ್ಟು, ಇಳಿಜಾರಿಗೆ ಬಿದ್ದ ನೀರಿನ ಹಾಗೆ ಬಾಗಿಲ ಪಕ್ಕದ ಸಂದಿಗೆ ಹರಿಯುತ್ತಿತ್ತು.

"ಅಂಕಲ್ ಹೇಳ್ತಾರೆ, ನೀವು ಇಡೀ ಸ್ಟ್ರೀಟ್‌ನ ಹೀಟ್ ಮಾಡ್ತಿದೀರಂತೆ. ದಟ್ಸ್ ವೆರಿ ನೈಸ್ ಆಫ್ ಯು ಅಂತೆ."

ಬೆಚ್ಚಗೆ ಮಾಡುವುದಲ್ಲ ಕೆಲಸ, ಇರುವ ಬಿಸಿಯನ್ನು ಬಿಟ್ಟುಕೊಡದಿರುವುದು ಕೆಲಸ. ಇದು ವಾಲ್ಟರ್ ಉಪದೇಶದ ಸಾರ. ಕೇಳಿದಾಗ ನಾಚಿಕೆಯಾಯಿತು. ಮಾಗಿಯಲ್ಲಿ ನಮ್ಮೂರಿನ ಗಂಡಸರು ಬರಿಗಾಲಲ್ಲಿದ್ದರೂ ಕಿವಿಗೆ ಮಫ್ಲರು ಬಿಗಿದಿರುತ್ತಾರೆ. ಗರಾಜಿಗೂ ಕಿವಿ ಕಟ್ಟಬೇಕೆಂದು ನಮಗೆ ಹೊಳೆಯಲಿಲ್ಲ! ನಾನು ಊದುಬತ್ತಿ ಹಿಡಿದು ಗೋಡೆಗುಂಟ ನಡೆದೆ, ಹೊಗೆ ಬಾಗಿದ ಕಡೆಯಲ್ಲೆಲ್ಲ ಅವರು ಗುರುತು ಹಾಕಿದರು. ಬಾಗಿಲಡಿಗೆ ರಬ್ಬರಿನ ಪಟ್ಟಿ, ತಗಡಿಗೆ ಹಳೆಯ ರಜಾಯಿಗಳು, ಇವರು ಕೂರುವಲ್ಲಿ ದಪ್ಪ ರಟ್ಟು, ಅದರ ಮೇಲೆ ಕಾರ್ಪೆಟ್ಟಿನ ತುಂಡು. ಕೊನೆಗೆ ತಮ್ಮ ಮನೆಯಿಂದ ಒಂದು ಹೀಟರು ಉರುಳಿಸಿಕೊಂಡು ಬಂದರು. ಒಳಗೆ ಎಣ್ಣೆ ತುಂಬಿದ್ದು. ಬೆಂಕಿಯಿಲ್ಲ, ಗಾಳಿಯಿಲ್ಲ, ಸದ್ದಿಲ್ಲ. ಕರೆಂಟಿಗೆ ಸಿಕ್ಕಿಸಿದರೆ ಮುದಿ ಎಮ್ಮೆಯ ಹಾಗೆ ಮೂಲೆಯಲ್ಲಿ ನಿಂತು ಬೆಚ್ಚಗೆ ಉಸಿರಾಡುತ್ತದೆ.

ಎರಡು ದಿನಕ್ಕೆ ಮೇಣ ಹದಕ್ಕೆ ಬಂತು. ರಘುವಿನ ನಾಲ್ಕು ಥರ್ಮಾಮೀಟರುಗಳೂ ಮೊದಲ ಬಾರಿಗೆ ಒಂದೇ ಮಾತು ಹೇಳಿದವು. ಇವರು ಕಾಫಿ ಕೇಳಿ ಕುಡಿದರು.

ಶುಕ್ರವಾರ

ಬೆಳಿಗ್ಗೆಯೇ ಮೇಣದ ಸಾಲು ಕೂರಿಸಿ ಮೆಟ್ಟಿಲು ನಿಲ್ಲಿಸತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಹದಿನೈದು ನಿಂತಿದ್ದವು. ನಾನು ಎಳ್ಳು ಬೆಲ್ಲ ಪೊಟ್ಟಣ ಕಟ್ಟುತ್ತಿದ್ದೆ. ಅಷ್ಟರಲ್ಲಿ ಫ್ರಿಜ್ಜು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ನೆಲದ ಜಾಲರಿಯಿಂದ ಬರುತ್ತಿದ್ದ ಗಾಳಿಯೂ ನಿಂತಿತು.

ಆ ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕರೆಂಟಿಗೆ ಬರ ಬಂದಿತ್ತು. ಸರದಿಯ ಮೇಲೆ ಒಂದೊಂದು ಬಡಾವಣೆಗೆ ಕತ್ತರಿ. ಜಗತ್ತಿಗೆಲ್ಲ ಕಂಪ್ಯೂಟರು ಮಾಡಿಕೊಡುವ ಊರಿನಲ್ಲಿ ಲೋಡ್ ಶೆಡ್ಡಿಂಗು! ಸುಮತಿ ದಿಕ್ಕೆಟ್ಟು, "ಒಂದ್ ಗಂಟೆನೋ ಒಂದೂವರೆನೋ ಬರಲ್ವಂತೆ, ಈಗೇನ್ಮಾಡೋದು?" ಎಂದಳು. ನಮಗೆ ಮಾತ್ರ ತವರಿಗೆ ಬಂದ ಹಾಗಾಯಿತು. ನಾನು ಬೆಂಕಿಪೊಟ್ಟಣ ತೆಗೆದು ಗ್ಯಾಸಿನ ಒಲೆ ಹಚ್ಚಿದೆ.

ಆದರೆ ಗರಾಜಿನಲ್ಲಿ ಹೀಟರು ಸತ್ತಿತ್ತು, ಇನ್ನೂ ಒಂಬತ್ತು ಮೆಟ್ಟಿಲು ಬಾಕಿ. ಮನೆಯೊಳಗೆ ಎತ್ತಿಕೊಂಡು ಬನ್ನಿ ಎಂದರೆ ಇವರು ಕೈ ಅಡ್ಡ ಹಿಡಿದರು. "ಅರ್ಧ ಕಟ್ಟಿದ ಮೇಳ ಅಲುಗಾಡಿಸಿದ್ರೆ ಹದಿನೈದೂ ಜಾಗ ಬಿಡ್ತವೆ. ಇಲ್ಲೇ ಆಗ್ಬೇಕು."

ನಾನು ದೊಡ್ಡ ಪಾತ್ರೆಗಳಲ್ಲಿ ನೀರು ಕುದಿಸಿ, ಸ್ಟೀಲಿನ ಡಬ್ಬಗಳಿಗೆ ತುಂಬಿ, ಮುಚ್ಚಳ ಬಿಗಿದು ಒರೆಸಿ, ಇವರ ಸುತ್ತ ಜೋಡಿಸಿದೆ. ಹಬೆ ಹೊರಬರಬಾರದೆಂಬ ಪಾಠ ಆಗಲೇ ಆಗಿತ್ತಲ್ಲ. ಮೇಣದ ಬಟ್ಟಲನ್ನೂ ಬಿಸಿನೀರಿನಲ್ಲಿ ಕೂರಿಸಿದೆ. ಆದರೂ ಗರಾಜು ತಣ್ಣಗಾಗುತ್ತಿತ್ತು. ಇವರು ಮೇಣದ ಚೂರನ್ನು ಮಣಿಕಟ್ಟಿಗೆ ಒತ್ತಿ ನೋಡಿದರು. ಚೂರನ್ನು ತಿರುಗಿ ಬಟ್ಟಲಿಗೇ ಹಾಕಿದರು.

ಆಗ ಮನೆಯ ಮುಂಬಾಗಿಲು ತಟ್ಟಿದ ಸದ್ದಾಯಿತು. ಅರ್ಧ ದಿನ ರಜೆ ಹಾಕಿ, ರೇಷ್ಮೆ ಸೀರೆಯ ಮೇಲೆ ದಪ್ಪ ಕೋಟು ತೊಟ್ಟು, ಹನ್ನೆರಡು ಜನ ಹೆಂಗಸರು ಒಟ್ಟಿಗೇ ಬಂದಿಳಿದಿದ್ದರು. ಅವರ ಹಿಂದೆಯೇ ಒಳಗೆ ನುಗ್ಗಿದ ಮಾತು, ನಗು, ಮಲ್ಲಿಗೆಯ ಸೆಂಟಿನ ವಾಸನೆ, ಎಲ್ಲವೂ ಬೆಚ್ಚಗಿತ್ತು. ಮದುವೆ ಮನೆಯ ಕೋಣೆಯಲ್ಲಿ ನೆಂಟರು ಕಿಕ್ಕಿರಿದರೆ ಮಾಗಿಯಲ್ಲೂ ಬೀಸಣಿಗೆ ಬೇಕಾಗುವುದು ನನಗೆ ನೆನಪಾಯಿತು.

"ಸುಮತೀ, ಇವರನ್ನೆಲ್ಲ ಗರಾಜಿಗೆ ಕರ್ಕೊಂಡ್ ಬಾರಮ್ಮ. ಅರಿಶಿನ ಕುಂಕುಮ ಅಲ್ಲೇ."

ಸುಮತಿಗೆ ತಕ್ಷಣ ಅರ್ಥವಾಯಿತು. "ಕರೆಕ್ಟು! ಒಬ್ಬೊಬ್ರೂ ನೂರು ವ್ಯಾಟಿನ ಬಲ್ಬ್ ಇದ್ದ ಹಾಗೆ ಕಣ್ರೇ, ಬನ್ನಿ ಬನ್ನಿ!"

"ನಮ್ಮನೆಯೋರು ನನ್ನ ಟ್ಯೂಬ್‌ಲೈಟು ಅಂತಾರಪ್ಪ," ಎಂದಳು ಮೌಂಟನ್ ವ್ಯೂನಿಂದ ಬಂದಿದ್ದ ಮಂಡ್ಯದ ನಾಗರತ್ನ.

"ಪರವಾಗಿಲ್ಲ, ನೀನು ನಿಧಾನಕ್ಕೆ ಹತ್ಕೋ," ಎಂದಳು ಸುಮತಿ.

ಚಾಪೆ ಹಾಸಿ, ದೇವರ ಮುಂದಿನ ಎರಡು ದೀಪ ತಂದಿಟ್ಟು, ವೀಣೆಯ ಸುತ್ತ ಒತ್ತೊತ್ತಾಗಿ ಕೂರಿಸಿದೆ. ವಾಲ್ಟರ್ ಬ್ಯಾಟರಿ ಕಂದೀಲು ಹಿಡಿದು ವಿಚಾರಿಸಲು ಬಂದವರು, ತಾವೂ ಒಂದು ಬಲ್ಬೆಂದು ತಿಳಿದು ಮಂಡಿ ಮಡಿಸಲಾಗದೆ ಬಕೆಟ್ಟು ಬೋರಲು ಹಾಕಿ ಕೂತರು.

ಆಗ ಇವರು ಬಾಯಿಬಿಟ್ಟರು. "ತಾಯಂದಿರಾ, ಒಂದು ಮಾತು. ಸ್ವರ ಕೇಳ್ಬೇಕು. ಯಾರೂ ಮಾತಾಡೋ ಹಾಗಿಲ್ಲ."

ಹನ್ನೆರಡು ಜನ, ಹಬ್ಬವಾದ ಮೇಲೆ ಮೊದಲ ಭೇಟಿ, ಮೈಮೇಲೆ ಹೊಸ ಸೀರೆ. ಮಾತಾಡಬಾರದು! ಕರೆಂಟು ಬರಲಿ ಎಂದು ನಾನು ಬೇಡಿಕೊಳ್ಳಲಿಲ್ಲ, ಈ ಬಾಯಿಗಳನ್ನು ಸ್ವಲ್ಪ ಹೊತ್ತು ಕಾಯಮ್ಮ ಎಂದು ಬೇಡಿಕೊಂಡೆ. ಹತ್ತು ನಿಮಿಷಕ್ಕೆ ನಾಗರತ್ನ ಸೆರಗು ಬಾಯಿಗೆ ಒತ್ತಿಕೊಂಡಳು. ಇನ್ನೊಬ್ಬಳು ಪಕ್ಕದವಳ ಸರವನ್ನು ಬೆರಳಲ್ಲಿ ಎತ್ತಿ, ಹುಬ್ಬಿನಲ್ಲೇ ಎಲ್ಲಿಯದೆಂದು ಕೇಳಿದಳು. ಅವಳು ಹುಬ್ಬಿನಲ್ಲೇ ತಾಯಿಯದು ಎಂದಳು.

ಇವರು ತಂತಿ ಮಿಡಿದು ಹದಿನಾರನೆಯ ಮೆಟ್ಟಿಲನ್ನು ಹಿಂದೆ ಮುಂದೆ ಸರಿಸುತ್ತಿದ್ದರು. ಸ್ವರ ಅಲೆದಾಡಿ, ಅಲೆದಾಡಿ, ತನ್ನ ಜಾಗದಲ್ಲಿ ಬಂದು ಕೂತಿತು. ಕೂತ ಕ್ಷಣಕ್ಕೆ ಸರಿಯಾಗಿ ಸುತ್ತಲಿನ ತಲೆಗಳೆಲ್ಲ ಒಟ್ಟಿಗೆ ಒಂದಿಷ್ಟು ಆಡಿದವು. ಯಾರೂ ಬೇಕೆಂದು ಆಡಿಸಿದ್ದಲ್ಲ. ವಾಲ್ಟರ್ ತಲೆಯೂ ಆಡಿತು. ಇವರು ಕಣ್ಣೆತ್ತಿ ನೋಡಿ, ಮೆಟ್ಟಿಲನ್ನು ಒತ್ತಿ ನಿಲ್ಲಿಸಿದರು. ಹದಿನೇಳು. ಹದಿನೆಂಟು. ಮೇಣ ಕೈಗೆ ಬೆಣ್ಣೆಯ ಹಾಗೆ ಬಗ್ಗುತ್ತಿತ್ತು. ಒಬ್ಬೊಬ್ಬರಾಗಿ ಕೋಟು ಕಳಚಿ ಮಡಿಲಲ್ಲಿಟ್ಟುಕೊಂಡರು.

ಇಪ್ಪತ್ತನಾಲ್ಕನೆಯದು ನಿಂತಾಗಲೂ ಯಾರೂ ಮಾತಾಡಲಿಲ್ಲ. ಇನ್ನೂ ಹತ್ತು ನಿಮಿಷ ಮೇಣ ಕೂರಲಿ ಎಂದು ಇವರು ಕೈ ತೋರಿಸಿದರು, ಕೂತೆವು. ಆಮೇಲೆ ಅನಘಾ ಇವರ ಪಕ್ಕಕ್ಕೆ ಬಂದಳು. ವೀಣೆಯನ್ನು ಕದಲಿಸದೆ, ಅದಿದ್ದಲ್ಲಿಯೇ ಬಾಗಿ, ಒಂದು ಪುಟ್ಟ ಗೀತೆ ನುಡಿಸಿದಳು. ಎರಡು ಕಡೆ ತಡವರಿಸಿದಳು. ಬೆರಳು ತಪ್ಪಿತು, ಮೆಟ್ಟಿಲು ತಪ್ಪಲಿಲ್ಲ. ಗೀತೆಯ ನಡುವೆ ಕರೆಂಟು ಬಂದು ದೀಪವೆಲ್ಲ ಝಗ್ಗೆಂದವು. ಯಾರೂ ತಿರುಗಿ ನೋಡಲಿಲ್ಲ. ಸುಮತಿ ಮಾತ್ರ ಬಾಗಿಲ ಚೌಕಟ್ಟಿಗೆ ಮುಖ ಒತ್ತಿಕೊಂಡು ನಿಂತಿದ್ದಳು.

"ಅಮ್ಮಾ, ವೈ ಆರ್ ಯು ಕ್ರೈಯಿಂಗ್? ಐ ಓನ್ಲಿ ಮೆಸ್ಡ್ ಅಪ್ ಟ್ವೈಸ್," ಎಂದಳು ಅನಘಾ.

ಆಮೇಲೆ ಹನ್ನೆರಡು ಜನರೂ ಒಂದು ಗಂಟೆಯ ಬಾಕಿ ಮಾತನ್ನು ಒಟ್ಟಿಗೆ ಆಡಿದರು. ವಾಲ್ಟರ್ ಎಳ್ಳು ಬೆಲ್ಲದ ಪೊಟ್ಟಣ ಎರಡು ಇಸಿದುಕೊಂಡು ಹೋದರು.

ಉಳಿದ ಏಳು

ಮಾರನೆಯ ಬೆಳಿಗ್ಗೆ ನಾನು ಎದ್ದ ತಕ್ಷಣ ಗರಾಜಿಗೆ ಓಡಿದೆ. ಇಪ್ಪತ್ತನಾಲ್ಕೂ ಇದ್ದವು. ವಿಮಾನ ನಿಲ್ದಾಣದ ಆ ಅಧಿಕಾರಿಯ ಹೆಬ್ಬೆರಳ ಗುರುತೂ ಆ ಮೇಣದೊಳಗೆ ಎಲ್ಲೋ ಕರಗಿತ್ತು. ಮೈಸೂರಿನಿಂದ ಮೇಣ ತರಿಸಲು ಇವರೇ ಸುಮತಿಗೆ ಹೇಳಿದರು.

ಮೇಣ ಬಂತು. ಕರೆಂಟು ಇತ್ತು, ಹೀಟರು ಇತ್ತು, ಗರಾಜಿಗೆ ಕಿವಿಯೂ ಕಟ್ಟಿತ್ತು. ಆದರೂ ಇವರು ಪ್ರತಿ ವೀಣೆಗೂ ಮೆಟ್ಟಿಲು ನಿಲ್ಲಿಸುವ ದಿನ, "ಯಾರಾದ್ರೂ ಬಂದು ಕೂರ್ತಾರಾ ಕೇಳು," ಎನ್ನತೊಡಗಿದರು. ಒಂದು ದಿನ ಯಾರಿಗೂ ಬಿಡುವಿರಲಿಲ್ಲ. ನಾನು ರೇಗಿಸಿದೆ: "ಎಮ್ಮೆ ಹಾಗೆ ಹೀಟರ್ ನಿಂತಿದೆಯಲ್ರೀ, ಇನ್ನು ಜನ ಯಾಕೆ?"

"ಹೀಟರಿಗೆ ತಲೆದೂಗೋಕೆ ಬರಲ್ಲ," ಎಂದರು. ಮೇಣವನ್ನು ನಾದುತ್ತಲೇ, ನನ್ನ ಮುಖ ನೋಡದೆ, ಮುಂದುವರಿಸಿದರು: "ಊರಲ್ಲಾದ್ರೆ ನೀನು ಕಾಫಿ ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ತೀಯ. ಸ್ವರ ಕೂತಾಗ ನಿನ್ನ ತಲೆ ಒಂಚೂರು ಆಡುತ್ತೆ. ಅದನ್ನ ನೋಡ್ಕೊಂಡೇ ನಾನು ಮೆಟ್ಟಿಲು ಒತ್ತೋದು. ಇಲ್ಲಿ ನೀನು ಬಟ್ಟೆ ಒಗೆಯೋಕೆ ಹೋಗ್ಬಿಟ್ಟೆ."

ನಾನು ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ. ಆವತ್ತು ಸಂಜೆಯವರೆಗೂ ಕಾಯಲಿಲ್ಲ, ಅಲ್ಲೇ ಹೆಬ್ಬೆರಳು ಒಂದು ಗೆಣ್ಣಿನ ಮೇಲೆ ಹೋಗಿ ಕೂತಿತು.

"ಮೂವತ್ತೈದು ವರ್ಷದ ಮಾತು," ಎಂದೆ. "ಅದನ್ನ ಹೇಳೋಕೆ ಇಷ್ಟು ದೂರ ಬಂದು, ಒಬ್ಬರ ಮನೆ ಗರಾಜಲ್ಲಿ ಕೂರ್ಬೇಕಿತ್ತೇನ್ರೀ?"

"ತಂತಿ ಮಿಡೀತೀನಿ, ಸುಮ್ನಿರು," ಎಂದರು ಇವರು.